ಅಧಿವೃಕ್ಕದ ನಿರುಪದ್ರವಾರ್ಬುದಗಳೂ ಛಾಯಾಪರೀಕ್ಷೆಯೂ

ಮೂತ್ರಪಿಂಡಕ್ಕೆ ಆಯುರ್ವೇದದಲ್ಲಿ ವೃಕ್ಕವೆಂದು ಹೆಸರು. ಅದರ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ, ನಾಲ್ಕೈದು ಗ್ರಾಂ ತೂಕದ ಅಡ್ರೀನಲ್ ಗ್ರಂಥಿಯನ್ನು ನಾವು ಅಧಿವೃಕ್ಕವೆನ್ನಬಹುದು. ಇದರಲ್ಲಿ ಹುಟ್ಟುವ ಗಡ್ಡೆಗಳಲ್ಲಿ ಹೆಚ್ಚಿನವು ಪ್ರಾಣಘಾತಕಗಳಲ್ಲ. ಅಂಥವುಗಳಲ್ಲಿ ವಿರಳವಾದುದೊಂದು ಮಯಲೊಲಿಪೋಮ. ಗ್ರೀಕ್ ಭಾಷೆಯಲ್ಲಿ ಇದರ ಪೂರ್ವಪದಕ್ಕೆ ಮಜ್ಜೆಯೆಂದೂ ಉತ್ತರಪದಕ್ಕೆ ಮೇದಸ್ಸೆಂದೂ ಅರ್ಥವಿರುವುದರಿಂದ ಮಜ್ಜಾಮೇದೋರ್ಬುದವೆಂಬ ಹೆಸರು ಇದಕ್ಕೆ ಒಪ್ಪುವುದು. 1905ರಲ್ಲಿ ಗೀರ್ಕೆ ಎಂಬ ವಿದ್ವಾಂಸನು ಇದನ್ನು ವರ್ಣಿಸಿದನು; 1929ರಲ್ಲಿ ಓಬರ್ಲಿಂಗನು ಹೆಸರಿಟ್ಟನು.

ಸುಶ್ರುತನು ಅರ್ಬುದಗಳನ್ನು ವಾತಜ, ಪಿತ್ತಜ, ಕಫಜ, ರಕ್ತಜ, ಮಾಂಸಜ, ಮೇದೋಜಗಳೆಂದು ಆರು ಬಗೆಯಾಗಿ ವಿಂಗಡಿಸಿರುವನು. ನೋಡಿ, ಮುಟ್ಟಿ ಅರಿಯಬಹುದಾದ ಗಡ್ಡೆಗೆ ಆ ಕ್ರಮವು ಸಲ್ಲುವುದು. ಉದರದ ಹಿಂಭಾಗದಲ್ಲಿ ಅಡಗಿರುವ ಅಧಿವೃಕ್ಕವಾದರೋ ದೃಷ್ಟಿಗೂ ಸ್ಪರ್ಶಕ್ಕೂ ಗೋಚರವಲ್ಲ. ಹೀಗಿರಲು ಗಡ್ಡೆಯು ಮೇದೋಮಯವೆಂದು ಶಸ್ತ್ರವಿಡದೆ ತಿಳಿಯುವುದೆಂತು?

ಇದಕ್ಕೆ ಸಿ. ಟಿ. ಯಂತ್ರವು ಉಪಾಯವಾಗಿದೆ. ಕ್ಷ-ಕಿರಣಗಳನ್ನು ನಾನಾ ದಿಕ್ಕುಗಳಿಂದ ದೇಹದಲ್ಲಿ ಹಾಯಿಸಿ, ಅವು ಎಷ್ಟೆಷ್ಟು ಕುಂದಿದುವೆಂಬುದನ್ನು ಅಳೆದು, ಗಣಿತದಿಂದ ಒಳಗಿನ ಅಡ್ಡಸೀಳಿನ ಚಿತ್ರವನ್ನು ಕಟ್ಟುವರು. 1971ರಲ್ಲಿ ಇಂಗ್ಲೆಂಡಿನಲ್ಲಿ ಹೌನ್ಸ್‌ಫೀಲ್ಡನ ಯಂತ್ರವು ಮೊದಲ ರೋಗಿಯ ಚಿತ್ರವನ್ನು ತೆಗೆಯಿತು. ಅದೇ ವರ್ಷ ಜಿ. ಎನ್. ರಾಮಚಂದ್ರನ್ ಅವರು ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಛಾಯೆಗಳಿಂದ ರೂಪವನ್ನು ಮರಳಿ ಕಟ್ಟುವ ಸುಲಭತರವಾದ ಗಣಿತವಿಧಾನವೊಂದನ್ನು ಪ್ರಕಟಿಸಿದರು. ನಮ್ಮ ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಮಂದಿರದಲ್ಲಿ ಜೀವಾಣುಗಳ ಭೌತಶಾಸ್ತ್ರದ ವಿಭಾಗವನ್ನು ಸ್ಥಾಪಿಸಿದವರು ಇವರೇ. ‘ರಾಮ್-ಲಾಕ್’ ಎಂಬ ಹೆಸರಿನಿಂದ ಆ ವಿಧಾನವು ಛಾಯಾಗಣಿತಜ್ಞರಲ್ಲಿ ಇಂದಿಗೂ ಪ್ರಸಿದ್ಧವಾಗಿದೆ.

ಚಿತ್ರದ ಪ್ರತಿಯೊಂದು ಬಿಂದುವಿಗೂ ಒಂದೊಂದು ಅಂಕವುಂಟು. ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರಿಗೆ 0, ಗಾಳಿಗೆ ಋಣ 1000. ಮೇದಸ್ಸಿಗೆ ಸುಮಾರು ಋಣ 100. ಅಧಿವೃಕ್ಕದ ಗಡ್ಡೆಯೊಳಗೆ ಋಣ 30ಕ್ಕೂ ಕೆಳಗಿನ ಅಂಕವು ಸ್ಪಷ್ಟವಾಗಿ ಕಂಡುಬಂದರೆ ಅದು ಬಹುಮಟ್ಟಿಗೆ ಮಜ್ಜಾಮೇದೋರ್ಬುದವೇ ಸರಿ. ಅದು ಚಿಕ್ಕದಾಗಿದ್ದು ಬಾಧಿಸದಿದ್ದರೆ ಶಸ್ತ್ರಚಿಕಿತ್ಸೆಯು ಅನಾವಶ್ಯಕ. ಬಹಳ ಬೆಳೆದರೆ ಒಳಗೆ ರಕ್ತಸ್ರಾವವಾಗುವ ಭಯವುಂಟು. ನರಸಂಬಂಧವಾದ ಗ್ಯಾಂಗ್ಲಿಯೊನ್ಯೂರೋಮವೂ ವಿರಳವೂ ನಿರುಪದ್ರವವೂ ಆದುದೇ. ಆದರೆ ಅದರಲ್ಲಿ ಇಂತಹ ಮೇದಸ್ಸಿನ ಗುರುತಿಲ್ಲದ ಕಾರಣ ನಿರ್ಣಯವು ಸೂಕ್ಷ್ಮದರ್ಶಕಕ್ಕೆ ಉಳಿಯುವುದು.

ಈ ಚಿತ್ರವು ಪ್ರತ್ಯಕ್ಷದಂತೆ ತೋರಿದರೂ ವಸ್ತುತಃ ಅನುಮಾನವೇ. ಅಂಕವೇ ಅಲ್ಲಿ ಹೇತು. ಹೇತುವು ದೃಢವಾದೆಡೆ ರೋಗಿಗೆ ಶಸ್ತ್ರವು ತಪ್ಪುವುದು. ದುರ್ಬಲವಾದೆಡೆ ಬೇರೆ ಪ್ರಮಾಣವು ಬೇಕು. ಚಿತ್ರವು ರೂಪವನ್ನು ತೋರಿಸುವುದಲ್ಲದೆ ಗ್ರಂಥಿಯ ಸ್ರಾವವನ್ನು ತಿಳಿಸಲಾರದು. ಅಡ್ರಿನಲಿನ್ ಮೊದಲಾದವನ್ನು ಸ್ರವಿಸುವ ಫಿಯೋಕ್ರೋಮೋಸೈಟೋಮವೆಂಬ ಗಡ್ಡೆಗೆ ಅರಿಯದೆ ಸೂಜಿ ಚುಚ್ಚಿದರೆ ರಕ್ತದ ಒತ್ತಡವು ಒಮ್ಮೆಲೇ ಏರಿ ಪ್ರಾಣಾಪಾಯವಾಗಬಹುದು. ಆದುದರಿಂದ ಸಂಶಯವಿರುವಲ್ಲಿ ಸೂಜಿಗೆ ಮೊದಲು ರಕ್ತದ ಅಥವಾ ಮೂತ್ರದ ಪರೀಕ್ಷೆಯು ಅವಶ್ಯವಾಗಿ ನಡೆಯತಕ್ಕದ್ದು.