ಬಿಡಿಭಾಗಗಳ ಜೋಡಣೆ: ಕ್ಯಾಡ್ ಕಲಿಯುವ ಸಣ್ಣ ಉದ್ದಿಮೆದಾರರಿಗೆ ಕೆಲವು ಸೂಚನೆಗಳು

ಕೊಯ್ದ ಕಾಫಿ ಹಣ್ಣನ್ನು ಅಂದೇ ಪಲ್ಪರ್‌ಗೆ ಹಾಕಬೇಕು. ತಡವಾದಲ್ಲಿ ಹಣ್ಣು ಹುಳಿತು ಬೀಜದ ಗುಣಮಟ್ಟ ಕುಸಿಯುತ್ತದೆ. ಕೊಯ್ಲಿನ ದಿನಗಳಲ್ಲಿ ಪಲ್ಪರ್‌ನ ಹೊಸ ಬಿಡಿಭಾಗವೊಂದು ತನ್ನ ಸ್ಥಾನದಲ್ಲಿ ಕೂರದಿದ್ದರೆ ಬೆಳೆಗಾರರಿಗೂ ತಯಾರಕರಿಗೂ ನಷ್ಟವೇ. ಇಂತಹ ದೋಷವನ್ನು ಲೋಹ ಕತ್ತರಿಸುವ ಮೊದಲೇ ಕಂಡುಕೊಳ್ಳಲು ಗಣಕಯಂತ್ರದ ನೆರವಿನ ವಿನ್ಯಾಸ, ಅಂದರೆ ಕ್ಯಾಡ್, ಸಹಾಯಕವಾಗಿದೆ. ಆದರೆ ಬಿಡಿಭಾಗಗಳನ್ನು ಕೂಡಿಸುವ ಎರಡು ವಿಧಾನಗಳ ವ್ಯತ್ಯಾಸವನ್ನು ಕಲಿಯುವವರು ಮೊದಲು ಅರಿತಿರಬೇಕು.

ವಿಲೀನವೋ, ಜೋಡಣೆಯೋ?

ಮೊದಲನೆಯದು ಯೂನಿಯನ್. ಇದರಲ್ಲಿ ಎರಡು ಘನಾಕೃತಿಗಳು ಬೆರೆತು ಒಂದೇ ಆಗುತ್ತವೆ. ಒಂದೇ ಎರಕವಾಗಿ ತಯಾರಾಗುವ ವಸ್ತುವಿಗೆ ಇದು ಸೂಕ್ತ. ಎರಡನೆಯದು ಅಸೆಂಬ್ಲಿ. ಇಲ್ಲಿ ಭಾಗಗಳು ಕೂಡಿದರೂ ಪ್ರತ್ಯೇಕವಾಗಿ ಉಳಿಯುತ್ತವೆ.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಯೂನಿಯನ್ ಎಂಬುದು ಎರಡು ಕಂಪನಿಗಳ ವಿಲೀನವಿದ್ದಂತೆ. ಅಸೆಂಬ್ಲಿ ಎಂಬುದು ಕಂಪನಿ ಸಮೂಹದ ಕ್ರೋಡೀಕೃತ ಲೆಕ್ಕಪತ್ರವಿದ್ದಂತೆ. ಸಮೂಹದ ಚಿತ್ರ ಒಂದೇ ಆದರೂ ಪ್ರತಿ ಅಂಗಸಂಸ್ಥೆಯ ಪುಸ್ತಕ ಬೇರೆ. ಇಡೀ ಪಲ್ಪರನ್ನು ಯೂನಿಯನ್ ಮಾಡಿಬಿಟ್ಟರೆ ಹಾಪರ್, ಡ್ರಮ್, ಶಾಫ್ಟ್, ಬೇರಿಂಗ್‌ಗಳ ಪಟ್ಟಿ ದೊರೆಯದು. ಪಟ್ಟಿಯಿಲ್ಲದೆ ಸರಿಯಾದ ದರಪಟ್ಟಿ ಕೊಡುವುದು ಕಷ್ಟ.

ಅನುಸರಿಸಬೇಕಾದ ಕ್ರಮ

ಉಚಿತ ತಂತ್ರಾಂಶವಾದ ಫ್ರೀಕ್ಯಾಡ್‌ನ 1.0 ಆವೃತ್ತಿಯು 2024ರ ನವೆಂಬರ್‌ನಲ್ಲಿ ಬಿಡುಗಡೆಯಾಗಿದ್ದು, ಅಸೆಂಬ್ಲಿ ವಿಭಾಗವು ಅದರಲ್ಲೇ ಅಡಕವಾಗಿದೆ. ವ್ಯಾಪಾರೋದ್ದೇಶಕ್ಕೂ ಪರವಾನಗಿ ಶುಲ್ಕವಿಲ್ಲ.

1. ಪ್ರತಿ ಭಾಗವನ್ನೂ ಮಿಲಿಮೀಟರ್ ಅಳತೆಯಲ್ಲಿ ಪ್ರತ್ಯೇಕವಾಗಿ ರಚಿಸಿ, ಹೆಸರು ಮತ್ತು ಸಂಖ್ಯೆ ನೀಡಿರಿ.

2. ಯಂತ್ರದ ಚೌಕಟ್ಟನ್ನು ಮೊದಲು ಸ್ಥಿರಗೊಳಿಸಿರಿ. ಉಳಿದವು ಅದಕ್ಕೆ ಹೊಂದಿಕೊಳ್ಳಬೇಕು.

3. ಬೋಲ್ಟ್ ಹಾಕುವ ಹಾಪರ್‌ಗೆ ಫಿಕ್ಸೆಡ್ ಜಾಯಿಂಟ್, ತಿರುಗುವ ಶಾಫ್ಟ್‌ಗೆ ರೆವಲ್ಯೂಟ್ ಜಾಯಿಂಟ್ ಬಳಸಿರಿ.

4. ಡ್ರಮ್ ಮತ್ತು ಅದರ ಎದುರಿನ ತಗಡಿನ ನಡುವಣ ಅಂತರವನ್ನು ಅಳೆಯಿರಿ. ಅಂತರ ಕಡಿಮೆಯಾದರೆ ಬೀಜ ಜಜ್ಜುತ್ತದೆ. ಹೆಚ್ಚಾದರೆ ಹಣ್ಣು ಸುಲಿಯದೆ ಹೊರಬೀಳುತ್ತದೆ. ಕಡತದ ಪ್ರತಿಯೊಂದರಲ್ಲಿ ಎರಡು ಭಾಗಗಳಿಗೆ ಕಾಮನ್ ಆಜ್ಞೆ ನೀಡಿದಾಗ ಘನಾಕೃತಿ ಉಳಿದರೆ, ಅವು ಒಂದರೊಳಗೊಂದು ನುಗ್ಗಿವೆಯೆಂದು ತಿಳಿಯಬೇಕು.

5. ಹೊರಗಿನ ಕಾರ್ಯಾಗಾರಕ್ಕೆ ಸ್ಟೆಪ್ ರೂಪದ ಕಡತವನ್ನು ಕಳುಹಿಸಿರಿ. ಎಸ್‌ಟಿಎಲ್ ಕಡತದಲ್ಲಿ ಅಳತೆಯ ಮಾನ ನಮೂದಾಗುವುದಿಲ್ಲ.

ಲೆಕ್ಕಪತ್ರಕ್ಕೂ ಅನುಕೂಲ

ಅಸೆಂಬ್ಲಿಯಿಂದ ದೊರೆಯುವ ಬಿಡಿಭಾಗಗಳ ಪಟ್ಟಿಯೇ ವೆಚ್ಚದ ಲೆಕ್ಕಕ್ಕೆ ಆಧಾರ. ಜಾಬ್‌ವರ್ಕ್‌ನ ಚಲನ್‌ನಲ್ಲಿಯೂ ಅದೇ ಭಾಗಸಂಖ್ಯೆ ಇರಲಿ. 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 143ನೇ ಕಲಮಿನ ಪ್ರಕಾರ ಜಾಬ್‌ವರ್ಕ್‌ಗೆ ಕಳುಹಿಸಿದ ಸಾಮಗ್ರಿ ಸಾಮಾನ್ಯವಾಗಿ ಒಂದು ವರ್ಷದೊಳಗೆ ಮರಳಬೇಕು, ಇಲ್ಲವೇ ಅಲ್ಲಿಂದಲೇ ಪೂರೈಕೆಯಾಗಬೇಕು. ತಪ್ಪಿದಲ್ಲಿ ಕಳುಹಿಸಿದ ದಿನವೇ ಪೂರೈಕೆಯಾಯಿತೆಂದು ಪರಿಗಣಿಸಿ ತೆರಿಗೆ ವಿಧಿಸಲಾಗುತ್ತದೆ. ಯಾವ ಭಾಗ ಯಾರ ಬಳಿಯಿದೆ ಎಂಬುದಕ್ಕೆ ಭಾಗಸಂಖ್ಯೆಯೇ ಸಾಕ್ಷಿ.

ಸದಸ್ಯರು ಮುಂದಿನ ಕೊಯ್ಲಿಗೆ ಮುನ್ನ, ತಮ್ಮಲ್ಲಿ ಹೆಚ್ಚು ಬೇಡಿಕೆಯಿರುವ ಒಂದು ಯಂತ್ರದಿಂದಲೇ ಈ ಅಭ್ಯಾಸವನ್ನು ಆರಂಭಿಸುವುದು ಒಳಿತು.