ಕಡಲ ನೀರಿನ ಲೇಶಧಾತುಗಳು: ಒಂದು ಅಂತರರಾಷ್ಟ್ರೀಯ ಶೋಧನೆ

ದೇವನೂರಿನ ಹೊಲಗಳ ಮೇಲೆ ಸುರಿದ ಮಳೆಯ ನೀರು ಹಳ್ಳಕೊಳ್ಳಗಳಲ್ಲಿ ಹರಿದು, ತಿರುಮಕೂಡಲಿನ ಸಂಗಮದಿಂದಾಚೆಗೆ ಕಾವೇರಿಯೆಂಬ ಒಂದೇ ಹೆಸರನ್ನು ಧರಿಸಿ, ಪೂಂಪುಹಾರಿನ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ನಮ್ಮ ಸೀಮೆಯ ಕಲ್ಲುಮಣ್ಣುಗಳಿಂದ ಕರಗಿದ ಅಂಶಗಳೂ ಅದರೊಡನೆ ಕಡಲಿನತ್ತ ಸಾಗುತ್ತವೆ. ಅವುಗಳಲ್ಲಿ ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್, ಕ್ಯಾಡ್ಮಿಯಂ, ಸೀಸ ಮುಂತಾದುವು ಕಡಲ ನೀರಿನಲ್ಲಿ ಅತ್ಯಲ್ಪವಾಗಿ ಮಾತ್ರ ಇರುವುವು. ಇವನ್ನು ಲೇಶಧಾತುಗಳೆಂದು ಕರೆಯೋಣ. ತೆರೆದ ಸಮುದ್ರದ ಮೇಲ್ಪದರದ ಸಾವಿರ ಟನ್ ನೀರಿನಲ್ಲಿ ಕರಗಿರುವ ಕಬ್ಬಿಣವು ಸಾಮಾನ್ಯವಾಗಿ ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿನಷ್ಟೂ ಇರುವುದಿಲ್ಲ. ಆದರೂ ಕಡಲಿನ ಜೀವರಾಶಿಗೆ ಆಧಾರವಾದ ಸಸ್ಯಪ್ಲವಕಗಳು ಈ ಲೇಶವಿಲ್ಲದೆ ಬೆಳೆಯಲಾರವು.

ಇತಿಹಾಸದ ಅಧ್ಯಾಪಕನು ಈ ವಿಷಯಕ್ಕೆ ಕೈಹಾಕುವುದೇಕೆಂದು ವಾಚಕರು ಕೇಳಬಹುದು. ನಮ್ಮ ಮುಂದಿರುವ ಆಧಾರವು ಶುದ್ಧವೇ, ನಕಲುಗಾರನ ಕೈಯಲ್ಲಿ ಕೆಟ್ಟದ್ದೇ ಎಂಬುದು ಶಾಸನಗಳನ್ನೂ ಓಲೆಗರಿಗಳನ್ನೂ ಓದುವವರೆಲ್ಲರ ಪ್ರಶ್ನೆ. ಕಡಲ ರಸಾಯನಶಾಸ್ತ್ರದ ಕಥೆಯೂ ಬಹುಮಟ್ಟಿಗೆ ಅದೇ ಪ್ರಶ್ನೆಯ ಕಥೆ.

ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯು ತೆರಬೇಕಾಗಿದ್ದ ಪರಿಹಾರದ್ರವ್ಯವನ್ನು ಸಮುದ್ರದ ಚಿನ್ನದಿಂದ ತೀರಿಸಬಹುದೆಂದು ಫ್ರಿಟ್ಸ್ ಹಾಬರ್ ಎಂಬ ಪ್ರಸಿದ್ಧ ವಿಜ್ಞಾನಿ ನಂಬಿದ್ದನು. ಹಿಂದಿನವರು ಕೊಟ್ಟಿದ್ದ ಅಂಕಿಗಳು ಹಾಗೆಯೇ ಸೂಚಿಸುತ್ತಿದ್ದುವು. ಹಲವು ವರ್ಷಗಳ ಪರಿಶ್ರಮದ ತರುವಾಯ, 1920ರ ದಶಕದ ಕೊನೆಯ ಹೊತ್ತಿಗೆ, ಇರುವ ಚಿನ್ನವು ಎಣಿಸಿದ್ದಕ್ಕಿಂತ ಸುಮಾರು ಸಾವಿರ ಪಟ್ಟು ಕಡಿಮೆಯೆಂದು ಅವನಿಗೇ ಖಚಿತವಾಯಿತು. ಸೀಸದ ವಿಷಯದಲ್ಲಿಯೂ ಇದೇ ಆಯಿತು. ಭೂಮಿಯ ವಯಸ್ಸನ್ನು ಗಣಿಸಿದ ಅಮೆರಿಕದ ಕ್ಲೇರ್ ಪ್ಯಾಟರ್ಸನ್, ಕಡಲಿನದೆಂದು ಪ್ರಕಟವಾಗುತ್ತಿದ್ದ ಸೀಸದಲ್ಲಿ ಬಹುಪಾಲು ಪ್ರಯೋಗಶಾಲೆಯ ಗಾಳಿ, ಪಾತ್ರೆ, ರಾಸಾಯನಿಕಗಳಿಂದ ಬಂದದ್ದೆಂದು ತೋರಿಸಿಕೊಟ್ಟನು. ಹಡಗೇ ಕಬ್ಬಿಣದ್ದು, ಅದರ ತುಕ್ಕು, ಬಣ್ಣ, ಉಕ್ಕಿನ ಹಗ್ಗ ಇವೆಲ್ಲವೂ ನೀರನ್ನು ಕೆಡಿಸುವುವು. ಹೀಗಾಗಿ 1970ರ ದಶಕಕ್ಕೆ ಮುಂಚಿನ ಲೇಶಧಾತುಗಳ ಅಂಕಿಗಳಲ್ಲಿ ಬಹುಪಾಲನ್ನು ಕೈಬಿಡಬೇಕಾಯಿತು.

ಇಂಥ ಕೆಲಸವು ಒಂದು ದೇಶದಿಂದ ಆಗತಕ್ಕದ್ದಲ್ಲ. 2010ರಿಂದ ವಿಧಿವತ್ತಾಗಿ ಸಮುದ್ರಯಾನಗಳನ್ನು ನಡೆಸುತ್ತಿರುವ ಜಿಯೋಟ್ರೇಸಸ್ ಎಂಬ ಯೋಜನೆಯಲ್ಲಿ ಸುಮಾರು 35 ದೇಶಗಳ ವಿಜ್ಞಾನಿಗಳು ಸೇರಿದ್ದಾರೆ. ಅವರು ಯಾನಕ್ಕಿಂತ ಮೊದಲು ಮಾಡಿದ ಕೆಲಸವೇ ನನಗೆ ಹೆಚ್ಚು ಮೆಚ್ಚುಗೆಯಾದದ್ದು. 2008 ಮತ್ತು 2009ರಲ್ಲಿ ಹಡಗುಗಳನ್ನು ಕಳುಹಿಸಿ ತಂದ ಒಂದೇ ನೀರನ್ನು ಹಲವು ದೇಶಗಳ ಪ್ರಯೋಗಶಾಲೆಗಳಿಗೆ ಹಂಚಿ, ಉತ್ತರಗಳು ತಾಳೆಯಾಗುವುವೇ ಎಂದು ಪರೀಕ್ಷಿಸಿದರು. ಎರಡು ಯಾನಗಳ ದಾರಿಗಳು ಸಂಧಿಸುವೆಡೆಯಲ್ಲಿ ಇಬ್ಬರೂ ನೀರನ್ನೆತ್ತಿ ಹೋಲಿಸುವುದು ಅಲ್ಲಿನ ನಿಯಮ. ಒಂದೇ ಗ್ರಂಥದ ಹಲವು ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠವನ್ನು ನಿರ್ಣಯಿಸುವ ಸಂಪಾದಕನ ಕ್ರಮಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಭಾರತದಿಂದ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದವರು 'ಸಾಗರ ನಿಧಿ' ನೌಕೆಯಲ್ಲಿ ಹೊರಟು ಹಿಂದೂ ಮಹಾಸಾಗರದ ನೀರನ್ನು ಇದೇ ಕ್ರಮದಿಂದ ಪರಿಶೀಲಿಸಿದ್ದಾರೆ.

ಧಾತುಗಳನ್ನು ಅಳೆಯುವುದೊಂದು, ಕಡಲಿಗೆ ಸುರಿದು ನೋಡುವುದು ಮತ್ತೊಂದು. 2009ರಲ್ಲಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರೂ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯವರೂ ಸೇರಿ ದಕ್ಷಿಣ ಮಹಾಸಾಗರದ ಸುಮಾರು 300 ಚದರ ಕಿಲೋಮೀಟರುಗಳಲ್ಲಿ ಕಬ್ಬಿಣದ ಲವಣವನ್ನು ಹರಡಿದರು. ಸಸ್ಯಪ್ಲವಕಗಳು ಹೆಚ್ಚಿ, ಗಾಳಿಯ ಇಂಗಾಲವನ್ನು ಹೀರಿ ತಳಕ್ಕೆ ಒಯ್ಯುವುವೇ ಎಂಬುದು ಪ್ರಶ್ನೆ. ಪ್ರಯೋಗಕ್ಕೆ 'ಲೋಹಫೆಕ್ಸ್' ಎಂದು ಹೆಸರು. (ಹಿಂದಿಯಲ್ಲಿ ಲೋಹಾ ಎಂದರೆ ಕಬ್ಬಿಣ; ನಮಗಾದರೋ ಎಲ್ಲ ಲೋಹವೂ ಲೋಹವೇ.) ಪರಿಸರವಾದಿಗಳ ಆಕ್ಷೇಪದಿಂದ ಜರ್ಮನ್ ಸರಕಾರವು ಅದನ್ನು ಕೆಲಕಾಲ ತಡೆದು, ವಿಚಾರಣೆಯ ಬಳಿಕ ಸಮ್ಮತಿಸಿತು. ಫಲಿತಾಂಶ ನಿರೀಕ್ಷೆಗೆ ವಿರುದ್ಧವಾಯಿತು. ಪ್ಲವಕಗಳೇನೋ ಬೆಳೆದುವು, ಆದರೆ ಸಿಲಿಕದ ಚಿಪ್ಪನ್ನು ಕಟ್ಟಿಕೊಳ್ಳುವ ಡಯಾಟಮ್‌ಗಳಿಗೆ ಆ ನೀರಿನಲ್ಲಿ ಸಿಲಿಕವೇ ಸಾಲದೆ ಹೋಯಿತು. ಬೆಳೆದ ಇತರ ಸಣ್ಣ ಜೀವಿಗಳನ್ನು ಪ್ರಾಣಿಪ್ಲವಕಗಳು ಮೇಯ್ದುವು. ತಳಕ್ಕೆ ಇಳಿದ ಇಂಗಾಲ ಅತ್ಯಲ್ಪ.

ಸಿಲಿಕದ ಮಾತು ನಮ್ಮನ್ನು ಮರಳಿ ಕಪಿಲೆಯ ಸೀಮೆಗೆ ಕರೆತರುತ್ತದೆ. ಬಂಡೀಪುರದ ಕಾಡಿನ ಮೂಲೆಹೊಳೆಯಲ್ಲಿ, ಸುಮಾರು ನಾಲ್ಕು ಚದರ ಕಿಲೋಮೀಟರುಗಳ ಒಂದು ಜಲಾನಯನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಫ್ರಾನ್ಸಿನ ಸಂಶೋಧಕರೂ 2003ರಿಂದ ಅಭ್ಯಸಿಸಿದ್ದಾರೆ. ಅಲ್ಲಿ ಶಿಥಿಲವಾದ ಶಿಲೆ ಮತ್ತು ಮಣ್ಣಿನ ಹೊದಿಕೆ ಸರಾಸರಿ ಸುಮಾರು 17 ಮೀಟರ್ ದಪ್ಪ. ಮರಗಳು ಬೇರಿನಿಂದ ಹೀರಿದ ಸಿಲಿಕವು ಎಲೆಯುದುರಿ ನೆಲಕ್ಕೆ ಬಂದು, ಮಳೆಗಾಲದಲ್ಲಿ ಮಾತ್ರ ಹರಿಯುವ ತೊರೆಗೆ ಸೇರುವುದನ್ನು ಅವರು ಲೆಕ್ಕಹಾಕಿದ್ದಾರೆ. ಕಬಿನಿ ಕಣಿವೆಯ ಕಲ್ಲು ಕರಗುವುದರಲ್ಲಿ ಕಾಡಿಗೂ ಕೈಯುಂಟೆಂದಾಯಿತು.

ಆದರೆ ಹೊರಟದ್ದೆಲ್ಲ ಕಡಲನ್ನು ಮುಟ್ಟುವುದಿಲ್ಲ. ತಿರುಮಕೂಡಲಿನಿಂದ ಕೆಳಗೆ, 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು ನೀರಿನೊಡನೆ ಹೂಳನ್ನೂ ನಿಲ್ಲಿಸುತ್ತದೆ. ನಿಂತ ನೀರಿನಲ್ಲಿ ಡಯಾಟಮ್‌ಗಳು ಬೆಳೆದು, ಸಿಲಿಕವನ್ನು ಹಿಡಿದು ತಳಕ್ಕಿಳಿಯುವುದು ಜಲಾಶಯಗಳ ಸಾಮಾನ್ಯ ಸ್ವಭಾವ. ಅಳಿದುಳಿದ ನೀರನ್ನು ತಂಜಾವೂರಿನ ಗದ್ದೆಗಳು ಹಂಚಿಕೊಳ್ಳುವುವು. ಜಿಯೋಟ್ರೇಸಸ್‌ನವರು 2014, 2017 ಮತ್ತು 2021ರಲ್ಲಿ ಹೊರತಂದ ಅಂಕಿಗಳ ಸಂಕಲನಗಳು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಬಂಗಾಳಕೊಲ್ಲಿಯ ನಕ್ಷೆಯನ್ನು ಅವುಗಳ ಪಕ್ಕದಲ್ಲಿಟ್ಟುಕೊಂಡು ನೋಡಬಹುದು.