ರೆಕ್ಕೆಯ ದೋಣಿಯೂ ನಮ್ಮ ಹಿನ್ನೀರುಗಳೂ

ನೀರನ್ನು ಸೀಳಿಕೊಂಡು ಹೋಗುವುದನ್ನು ಬಿಟ್ಟು ನೀರಿನಿಂದ ಮೇಲೆದ್ದು ಸಾಗುವ ದೋಣಿಗಳು ಈಗ ಪುನಃ ಲೋಕದ ಗಮನವನ್ನು ಸೆಳೆದಿವೆ. ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿನಲ್ಲಿ 30 ಜನರು ಕುಳಿತುಕೊಳ್ಳಬಹುದಾದ ಇಂಥ ವಿದ್ಯುತ್ ದೋಣಿಯೊಂದು 2024ರಲ್ಲಿ ಪ್ರಯಾಣಿಕರ ಸೇವೆಗೆ ತೊಡಗಿತು. ಹೈಡ್ರೋಫಾಯಿಲ್ ಎಂಬ ಈ ಸಾಧನವನ್ನು ನಮ್ಮ ನಾಡಿನ ಹಿನ್ನೀರುಗಳಿಗೂ ಏಕೆ ತರಬಾರದೆಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಲಕ್ಕವಳ್ಳಿಯಲ್ಲಿ ಭದ್ರೆಯನ್ನು ತಡೆದು ನಿಲ್ಲಿಸಿದ ಜಲರಾಶಿಯನ್ನು ತಮ್ಮ ತಾಲ್ಲೂಕಿನಲ್ಲಿಯೇ ಉಳ್ಳ ತರೀಕೆರೆಯವರಿಗೆ ಇದು ದೂರದ ಪ್ರಶ್ನೆಯಲ್ಲ.

ಈ ದೋಣಿಯ ಮರ್ಮವು ಸರಳವಾದುದು. ಒಡಲಿನ ಕೆಳಗೆ, ನೀರಿನೊಳಗೆ, ವಿಮಾನದ ರೆಕ್ಕೆಯ ಆಕಾರದ ಹಲಗೆಗಳಿರುತ್ತವೆ. ವೇಗವು ಹೆಚ್ಚಿದಂತೆ ಈ ರೆಕ್ಕೆಗಳು ದೋಣಿಯನ್ನು ಮೇಲಕ್ಕೆ ಎತ್ತುತ್ತವೆ. ವೇಗವು ಇಮ್ಮಡಿಯಾದರೆ ಎತ್ತುವ ಬಲವು ನಾಲ್ಮಡಿಯಾಗುತ್ತದೆ. ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರವಾದುದರಿಂದ ಸಣ್ಣ ರೆಕ್ಕೆಯೇ ದೊಡ್ಡ ಭಾರವನ್ನು ಹೊರಬಲ್ಲುದು. ಒಡಲು ನೀರನ್ನು ಬಿಟ್ಟೊಡನೆ ಎಳೆತವು ತಗ್ಗುತ್ತದೆ, ಶಕ್ತಿಯು ಉಳಿಯುತ್ತದೆ, ಹಿಂದೆ ಏಳುವ ಅಲೆಯೂ ಕಿರಿದಾಗುತ್ತದೆ. ಆದರೆ ವೇಗಕ್ಕೂ ಮಿತಿಯುಂಟು. ಅದನ್ನು ಮೀರಿದರೆ ರೆಕ್ಕೆಯ ಮೇಲೆ ಒತ್ತಡವು ಕುಸಿದು ನೀರು ಆವಿಯ ಗುಳ್ಳೆಗಳಾಗುತ್ತದೆ. ಆ ಗುಳ್ಳೆಗಳು ಒಡೆಯುತ್ತ ಲೋಹವನ್ನೇ ಸವೆಸುತ್ತವೆ.

ವಿದ್ಯೆಯು ಹೊಸದೂ ಅಲ್ಲ. ಇಟಲಿಯ ಫೋರ್ಲಾನೀನಿಯವರು 1906ರಲ್ಲಿಯೇ ಮಜ್ಜೋರೆ ಸರೋವರದಲ್ಲಿ ಇಂಥ ದೋಣಿಯನ್ನು ಓಡಿಸಿದರು. ಟೆಲಿಫೋನಿನಿಂದ ಖ್ಯಾತರಾದ ಗ್ರಹಾಂ ಬೆಲ್ಲರೂ ಅವರ ಸಹಾಯಕ ಬಾಲ್ಡ್ವಿನ್ನರೂ ಕಟ್ಟಿದ ದೋಣಿಯು 1919ರಲ್ಲಿ ಕೆನಡಾದಲ್ಲಿ ಗಂಟೆಗೆ 70 ಮೈಲಿಗೂ ಮಿಕ್ಕ ವೇಗವನ್ನು ಮುಟ್ಟಿತು. ರಷ್ಯದ ಅಲೆಕ್ಸೇಯೆವ್ ಅವರ ‘ರಾಕೇಟಾ’ 1957ರಲ್ಲಿ ವೋಲ್ಗಾ ನದಿಯ ಮೇಲೆ ಗೋರ್ಕಿಯಿಂದ ಕಜಾನಿನವರೆಗಿನ 420 ಕಿಲೋಮೀಟರನ್ನು 7 ಗಂಟೆಗಳಲ್ಲಿ ಕ್ರಮಿಸಿತು. ಇವುಗಳಲ್ಲಿ ಯಾವುದೂ ಎಲ್ಲ ನೀರಿಗೂ ಸಲ್ಲುವ ದೋಣಿಯಾಗಲಿಲ್ಲವೆಂಬುದನ್ನು ಮಾತ್ರ ಮರೆಯಬಾರದು. ನೀರು ಆಳವಾಗಿಯೂ ತೊಡಕಿಲ್ಲದೆಯೂ ಇದ್ದಲ್ಲಿ ಮಾತ್ರ ರೆಕ್ಕೆಯು ಉಪಯೋಗಕ್ಕೆ ಬರುತ್ತದೆ.

ಭದ್ರೆಯ ಹಿನ್ನೀರು ಹಾಗಿದೆಯೇ? ಜಲಾಶಯದ ಪೂರ್ಣಮಟ್ಟವು 186 ಅಡಿ. ಮಳೆಗಾಲದಲ್ಲಿ ತುಂಬಿ, ಕಾಲುವೆಗಳಿಗೆ ಹರಿದು, ಬೇಸಗೆಯ ಹೊತ್ತಿಗೆ ನೀರು ಇಳಿಯುತ್ತದೆ. ಮುಳುಗಿ ಸತ್ತ ಮರಗಳ ಬೊಡ್ಡೆಗಳು ಆಗ ಮೇಲಕ್ಕೆ ಕಾಣುತ್ತವೆ. ಕಣ್ಣಿಗೆ ಕಾಣುವ ಬೊಡ್ಡೆಯನ್ನು ತಪ್ಪಿಸಬಹುದು. ನೀರಿನಡಿ ಒಂದು ಮೊಳದಲ್ಲಿ ಅಡಗಿರುವ ಬೊಡ್ಡೆಯೇ ರೆಕ್ಕೆಗೆ ಮೃತ್ಯು. ಅದೇ ಬೇಸಗೆಯಲ್ಲಿ, ನೀರಿಳಿದು ತೆರೆದ ನಡುಗಡ್ಡೆಗಳ ಬರಿ ನೆಲದ ಮೇಲೆ ನದಿ ರೀವ ಹಕ್ಕಿಗಳು ಗುಂಪುಗುಂಪಾಗಿ ಮೊಟ್ಟೆಯಿಡುತ್ತವೆ. ಅಲೆಯು ಕಿರಿದೆಂಬ ಗುಣದಿಂದ ರೆಕ್ಕೆಯ ದೋಣಿಯು ಇವುಗಳಿಗೆ ಹಿತವೆಂದು ತೋರಬಹುದು. ಆದರೆ ಆ ಗುಣವು ವೇಗವಾಗಿ ಓಡುವಾಗಿನದು. ನಡುಗಡ್ಡೆಯ ಬಳಿ ಹಕ್ಕಿಯನ್ನು ನೋಡಲೆಂದು ಮೆಲ್ಲಗೆ ಸುಳಿಯುವಾಗ ಅದೂ ಉಳಿದ ದೋಣಿಗಳಂತೆಯೇ ಒಡಲನ್ನು ನೀರಿನಲ್ಲಿಟ್ಟು, ಅವುಗಳಿಗಿಂತ ಆಳಕ್ಕೆ ಕಾಲನ್ನಿಳಿಸಿ ನಡೆಯಬೇಕು.

ವೇಗಕ್ಕಿಂತ ಮೊದಲು ಬೇಕಾದುದೇನೆಂಬುದನ್ನು ನೆರೆಯ ಶರಾವತಿಯ ಹಿನ್ನೀರು ನಮಗೆ ಕಲಿಸಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ನಾಡಿಗೆ ಬೆಳಕು ಬಂದಿತು. ಆಚೆ ದಡದವರಿಗೆ ಮಾತ್ರ ದಾರಿಯು ತಪ್ಪಿತು. ಹೊಳೆಬಾಗಿಲು-ಕಳಸವಳ್ಳಿ ಕಡವಿನ ಲಾಂಚೇ ಅವರಿಗೆ ರಸ್ತೆಯಾಯಿತು. ಸಂಜೆಯಾದ ಮೇಲೆ ಅದು ನಿಲ್ಲುತ್ತಿತ್ತು. ಬೇಸಗೆಯಲ್ಲಿ ನೀರು ತೀರ ಇಳಿದರೆ ವಾಹನಗಳನ್ನು ಹೊರಲಾರದಾಗುತ್ತಿತ್ತು. ರೋಗಿಯೂ ಗರ್ಭಿಣಿಯೂ ಲಾಂಚಿನ ವೇಳೆಯನ್ನು ನೋಡಿಕೊಂಡು ಬದುಕಬೇಕಾಗಿದ್ದ ಆ ಕಡವಿಗೆ 2 ಕಿಲೋಮೀಟರಿಗೂ ಮಿಕ್ಕ ಸೇತುವೆಯು ಉದ್ಘಾಟನೆಯಾದುದು 2025ನೆಯ ಜುಲೈ 14ರಂದು. ಆ ಅರುವತ್ತು ವರ್ಷಗಳಲ್ಲಿ ಜನರು ಕೇಳಿದುದು ಹಾರುವ ದೋಣಿಯನ್ನಲ್ಲ. ಹೊತ್ತಿಗೆ ಸರಿಯಾಗಿ ಬರುವ ದೋಣಿಯನ್ನು.

ನಾವು ಹೊಸ ವಿದ್ಯೆಗೆ ವಿರೋಧಿಗಳಲ್ಲ. ಹೊಗೆಯಿಲ್ಲದೆ ಕಡಮೆ ಶಕ್ತಿಯಲ್ಲಿ ಓಡುವ ದೋಣಿಯು ಈ ನಾಡಿನ ಯಾವುದೋ ಒಂದು ನೀರಿಗೆ ಒಪ್ಪಬಹುದು. ಒಪ್ಪಿದಲ್ಲಿ ಅದನ್ನು ತರಲಿ. ಆದರೆ ದೋಣಿಯನ್ನು ಕೊಂಡ ಮೇಲೆ ಹೊಳೆಯನ್ನು ಅಳೆಯುವ ಪದ್ಧತಿಯು ನಿಲ್ಲಬೇಕು. ಯಾವ ಹಿನ್ನೀರಿಗಾದರೂ ಹೊಸ ದೋಣಿಯನ್ನು ತರುವ ಮುನ್ನ ಅಧಿಕಾರಿಗಳು ಅದರ ತಳವನ್ನು ಬೇಸಗೆಯ ಮಟ್ಟದಲ್ಲಿ ಅಳೆಸಲಿ. ಬೊಡ್ಡೆಗಳಿರುವ ತಾಣಗಳಿಗೆ ಗುರುತು ಹಾಕಿಸಲಿ. ಹಕ್ಕಿಗಳು ಮೊಟ್ಟೆಯಿಡುವ ಕಾಲದಲ್ಲಿ ನಡುಗಡ್ಡೆಗಳಿಂದ ಎಷ್ಟು ದೂರ ಇರಬೇಕೆಂಬುದನ್ನು ಗೊತ್ತುಮಾಡಲಿ. ಹತ್ತುವ ಪ್ರತಿಯೊಬ್ಬನಿಗೂ ಜೀವರಕ್ಷಕ ಕವಚವನ್ನು ಒದಗಿಸಲಿ. ಇದಾವುದಕ್ಕೂ ಪರದೇಶದಿಂದ ಯಂತ್ರವು ಬರಬೇಕಾಗಿಲ್ಲ. ವಿಹಾರಕ್ಕೆ ಬರುವವರ ಅರ್ಧ ಗಂಟೆಯನ್ನು ಉಳಿಸುವ ಮುನ್ನ, ನೀರಿಗಾಗಿ ನೆಲವನ್ನು ಬಿಟ್ಟುಕೊಟ್ಟವರ ಕಾಯುವಿಕೆಯನ್ನು ತಪ್ಪಿಸುವುದು ಸರ್ಕಾರದ ಮೊದಲ ಕರ್ತವ್ಯವೆಂದು ನಾವು ಭಾವಿಸುತ್ತೇವೆ.